ಎಂಟನೇ ಮಹಡಿ, ಇಪ್ಪತ್ತು ತೆತ್ರಿ

ನಮ್ಮ ಲಿಫ್ಟಿಗೆ ನಾಣ್ಯ ಹಾಕಬೇಕು.
ಹತ್ತಲು ಇಪ್ಪತ್ತು ತೆತ್ರಿ, ಇಳಿಯಲು ಪುಕ್ಕಟೆ.
ತ್ಬಿಲಿಸಿಯ ಈ ಕಟ್ಟಡಕ್ಕೆ ಲಿಫ್ಟು ಕೂರಿಸಿದವರು
ನನ್ನಂಥವಳನ್ನು ನೆನೆದೇ ಕೂರಿಸಿರಬೇಕು:
ಇಳಿದು, ಬಸ್‌ಸ್ಟಾಪಿನ ತನಕ ನಡೆದು,
ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು
ಮತ್ತೆ ಎಂಟು ಮಹಡಿ ಹತ್ತುವವಳನ್ನು.

ಚಳಿಗಾಲದ ಕೊನೆಗೆ ಕೂತು ಲೆಕ್ಕ ಹಾಕಿದೆ.
ಅನುಮಾನಕ್ಕೆ ತೆತ್ತ ಚಿಲ್ಲರೆಯಲ್ಲಿ
ಉಣ್ಣೆಯ ಕಾಲುಚೀಲ ಎರಡು ಜೊತೆ ಬರುತ್ತಿತ್ತು.
ಒಂದು ಸಲವೂ ಒಲೆ ಉರಿಯುತ್ತಿರಲಿಲ್ಲ.
ತಪ್ಪು ಮಾಡದೆ ಬೈಸಿಕೊಂಡ ಮಗುವಿನ ಹಾಗೆ
ತಣ್ಣಗೆ ನನ್ನನ್ನೇ ನೋಡುತ್ತಿತ್ತು.

ಗ್ಯಾಸ್ ಒಂದೇ ಆಗಿದ್ದರೆ ಸರಿ.
ಲಶಾನ ಹುಳುಕು ಹಲ್ಲು. ಅಂಗಡಿ ಬಾಡಿಗೆ.
ಕತ್ತರಿ ಆಡಿಸಿದ ಮೇಲೆ, ತೋಳು ಗಿಡ್ಡವಾಯಿತೇನೋ
ಎಂದು ರಾತ್ರಿಯಿಡೀ ಕಣ್ಣ ಮುಂದೆ ತೂಗುವ ಮದುವೆ ಕೋಟು.
ಬತುಮಿಯಿಂದ ಫೋನು ಮಾಡದ ತಂಗಿ,
ಮಾಡಿದರೆ, ಈಗ ಯಾಕೆ ಮಾಡಿದಳೋ ಎಂದು.
ಸೇತುವೆಯ ಸಂತೆಯಲ್ಲಿ ಹಳೇ ಚಮಚ ಮಾರುವಾತ
ಅಷ್ಟು ಗದ್ದಲದ ನಡುವೆ ಕುರ್ಚಿಯಲ್ಲೇ ಗೊರಕೆ ಹೊಡೆಯುತ್ತಾನೆ.
ನಿಂತು ನೋಡುತ್ತೇನೆ ಅವನನ್ನು,
ಬೇರೆಯವರ ತಟ್ಟೆ ನೋಡುವ ಹಾಗೆ.

ಆರನೇ ಮಹಡಿಯ ತ್ಸಿಯಾಲಾ
ಮೂವತ್ತೊಂದು ವರ್ಷ ಮೆಟ್ರೋ ಓಡಿಸಿದವಳು.
ಮಾರ್ಚಿನ ಒಂದು ಬೆಳಿಗ್ಗೆ, ಜೇಬಲ್ಲಿ ನಾಣ್ಯವಿಲ್ಲದೆ
ಮೆಟ್ಟಿಲು ಹತ್ತುತ್ತಾ ಏದುಸಿರು ಬಿಡುತ್ತಿದ್ದವಳನ್ನು
ಕಸದ ಬಕೆಟ್ಟು ಹಿಡಿದುಕೊಂಡೇ ಕೇಳಿದಳು:
"ಏನೇ ಎತೇರಿ, ಮತ್ತೆ ಬೆಂಕಿಯಾ?"

ನಗಲಿಲ್ಲ ಅವಳು. ಅದಕ್ಕೇ ಎಲ್ಲ ಹೇಳಿದೆ.

"ಸಿಗ್ನಲ್ ಹಸಿರಾದರೆ ಬಾಯಿಬಿಟ್ಟು ಹೇಳುತ್ತಿದ್ದೆ, ಹಸಿರು ಅಂತ.
ಕ್ಯಾಬಿನ್ನಿನಲ್ಲಿ ಕೇಳುವವರು ಯಾರಿದ್ದಾರೆ?
ಕಣ್ಣು ಕಂಡದ್ದನ್ನು ಕಿವಿಗೆ ಒಪ್ಪಿಸಬೇಕಮ್ಮ.
ಇಲ್ಲದಿದ್ದರೆ ಮುಂದಿನ ಸ್ಟೇಷನ್ ಬರುವಷ್ಟರಲ್ಲಿ
ಆ ಕಂಡ ಹಸಿರು ಇವತ್ತಿನದೋ, ನಿನ್ನೆಯದೋ?"
ಎಂದು ಬಕೆಟ್ಟು ಇಳಿಸಿಕೊಂಡು ಹೋದಳು.

ಮರುದಿನ ಒಲೆಯ ಮುಂದೆ ನಿಂತು,
ನಾಚಿಕೆಯಲ್ಲೇ, ಮೆಲ್ಲಗೆ ಹೇಳಿದೆ:
ಬುಧವಾರ. ಒಲೆಯ ಕಿವಿ ಹಿಂಡುತ್ತಿದ್ದೇನೆ.
ಹೆಬ್ಬೆರಳಿಗೆ ಜಿಡ್ಡು ಹತ್ತಿತು.
ನೀಲಿ ಹೂವು ಪುಟ್ ಎಂದು ಮುಚ್ಚಿಕೊಂಡಿತು.
ಕೆಟಲ್ ಇನ್ನೂ ಗೊಣಗುತ್ತಿದೆ, ಅದರ ಪಾಡಿಗೆ.
ಕಿಟಕಿಯ ಹೊರಗೆ ಯಾರದೋ ಒದ್ದೆ ಕಂಬಳಿ,
ಅದರ ಮೇಲೆ ಒಂದು ಪಾರಿವಾಳ.

"ಯಾರ ಜೊತೆ ಮಾತಾಡ್ತಿದ್ದೀಯಮ್ಮ?" ಎಂದ ಲಶಾ.
"ಬುಧವಾರದ ಜೊತೆ" ಎಂದೆ.

ಬಸ್‌ಸ್ಟಾಪಿನಲ್ಲಿ ಅನುಮಾನ ಕಾದೇ ಇತ್ತು,
ಸಾಲ ಕೊಟ್ಟವನ ಹಾಗೆ, ಹೊತ್ತಿಗೆ ಸರಿಯಾಗಿ.
ಹೆಬ್ಬೆರಳು ಮೂಸಿದೆ.
ಜಿಡ್ಡು ಸಾಕ್ಷಿ ಹೇಳಿತು.
ಬಸ್ಸು ಹತ್ತಿದೆ.

ಶುಕ್ರವಾರ ಮತ್ತೆ ಹಿಂತಿರುಗಿದೆ. ಸುಳ್ಳು ಯಾಕೆ ಹೇಳಲಿ.
ಆಮೇಲಿನ ವಾರ ಎರಡು ಸಲ.
ಹಿಂತಿರುಗದ ದಿನ ಆ ಇಪ್ಪತ್ತು ತೆತ್ರಿಯನ್ನು
ಲಿಫ್ಟಿನ ಪೆಟ್ಟಿಗೆಯ ಮೇಲೆ ಇಟ್ಟುಬಿಡುತ್ತೇನೆ.
ಪುಣ್ಯಕ್ಕಲ್ಲ. ಯಾರಿಗೆ ಧನ್ಯವಾದ ಹೇಳಬೇಕು ತಿಳಿಯದೆ.
ಆರದ ಬೆಂಕಿ ಹೊತ್ತದೆ ಹೋದದ್ದಕ್ಕೆ,
ಬರಬಹುದಿದ್ದ ಕೆಟ್ಟ ಸುದ್ದಿಗಳೆಲ್ಲ
ವಿಳಾಸ ಸಿಗದೆ ತಿರುಗಿ ಹೋದದ್ದಕ್ಕೆ,
ಇಷ್ಟು ವರ್ಷ ನಾನು ರಸೀದಿ ಕೊಟ್ಟಿರಲಿಲ್ಲ.

ನಿನ್ನೆ ಸಂಜೆ ಕೋಟಿನ ಗಂಟು ಹೊತ್ತು ಬಂದೆ.
(ತೋಳು ಗಿಡ್ಡವೇ ಆಗಿತ್ತು. ಅರ್ಧ ಬೆರಳು.
ಮದುಮಗ ನೋಡಲಿಲ್ಲ, ಅವನ ತಾಯಿ ನೋಡಿದಳು,
ಅಂಚು ಬಿಚ್ಚಿ ಇಳಿಸಿದರೆ ಆಯಿತು.)
ಪರ್ಸು ಖಾಲಿ. ಪೆಟ್ಟಿಗೆಯ ಮೇಲೆ ಒಂದು ನಾಣ್ಯ.
ನನ್ನದೋ, ಯಾರದೋ. ಹಾಕಿದೆ.
ಲಿಫ್ಟು ಒಮ್ಮೆ ಕೆಮ್ಮಿ, ಉಗುಳಿತು.
ಇನ್ನೊಮ್ಮೆ ಹಾಕಿದೆ. ಮತ್ತೆ ಉಗುಳಿತು.

ಹತ್ತಿದೆ. ಮೂರನೆಯದರಲ್ಲಿ ಪಿಯಾನೋ,
ಒಂದೇ ಜಾಗದಲ್ಲಿ ಎಡವುವ ಪುಟ್ಟ ಬೆರಳು.
ಐದನೆಯದರಲ್ಲಿ ಬಲ್ಬು ಇಲ್ಲ, ಗೋಡೆ ತಡವಿದೆ,
ಗೋಡೆ ಬೆಚ್ಚಗಿತ್ತು.
ಆರನೆಯದರಲ್ಲಿ ಬದನೆಕಾಯಿ ಹುರಿಯುವ ವಾಸನೆ.
ಗಂಟು ಕೆಳಗಿಟ್ಟು ಬಾಗಿಲು ತಟ್ಟಿದೆ.

"ಬೆಂಕಿಯಾ?" ಒಳಗಿಂದಲೇ ಕೇಳಿದಳು ತ್ಸಿಯಾಲಾ.
"ಅಲ್ಲ" ಎಂದೆ. "ಹಸಿವು."