ಷರಾ

ಮಸ್ಕಿಯ ಹಳೇ ಗ್ರಂಥಾಲಯದ ಹಿಂದಿನ ಕೋಣೆ.
ಮೊದಲು ಇಲ್ಲಿ ಮುರಿದ ಕುರ್ಚಿ ಇಡುತ್ತಿದ್ದರು,
ಈಗ ಮಾಜಿ ಸೈನಿಕರ ಮಾತು ಇಡುತ್ತೇವೆ.
ಒಂದು ಕಪಾಟು, ಒಂದು ಫ್ಯಾನು,
ರೆಕಾರ್ಡಿಂಗಿಗೆ ನನ್ನದೇ ಫೋನು.

ಹುಲಿಗೆಪ್ಪ ಮುತ್ಯಾ, ಸ್ಯಾಪರ್, ಎಪ್ಪತ್ತೊಂದು.
ಎರಡು ತಾಸು ಕೂತ. ಯುದ್ಧ ಬರಲೇ ಇಲ್ಲ.
ಬಂದದ್ದು ಒದ್ದೆ ಕಾಲುಚೀಲ,
ಸೇತುವೆಯ ಹಲಗೆ ಮೇಲೆ ಕೂತು ತಿಂದ ಹಸಿ ಉಳ್ಳಾಗಡ್ಡಿ,
ಹೆಸರು ಗೊತ್ತಿಲ್ಲದ ಒಂದು ನದಿ:
“ನಮ್ಮ ಕಾಲುವಿಗಿಂತ ಅಗಲ, ಹೊಳಿಗಿಂತ ಸಣ್ಣದು.”
ಗುಂಡು? ಗಡಿ? ಪದಕ?
“ಪದಕ ಮೊಮ್ಮಗನ ಆಟದ ಡಬ್ಬ್ಯಾಗ ಅದ” ಅಂದು
ತಿರುಗುವ ರೆಕ್ಕೆ ನೋಡಿದ.

ಆಮೇಲೆ, ಕೇಳದೆಯೇ:
“ನನಗ ಬರಿಯಾಕ ಬರ್ತಿದ್ದಿಲ್ಲವ್ವ.
ಮನಿಗಿ ಕಾಗದ ಮಹಬೂಬ ಬರದು ಕೊಡ್ತಿದ್ದ,
ತೆಕ್ಕಲಕೋಟಿ ಹುಡುಗ.
‘ಚಲೋ ಅದೀನಿ’ ಅಂತ ನಾ ಒಂದ ಮಾತು ಹೇಳಿದ್ರ
ಅಂವ ಎರಡೂ ಮಗ್ಗಲ ತುಂಬಸ್ತಿದ್ದ.
ಏನ್ ತುಂಬಸ್ತಿದ್ದ, ನಾ ಕೇಳಲಿಲ್ಲ.
ಡಿಸೆಂಬರ್ ಒಂಬತ್ತಕ್ಕ...”

ಅಲ್ಲಿ ನಲವತ್ತೊಂದು ಸೆಕೆಂಡು ಮಾತಿಲ್ಲ.
ಫ್ಯಾನಿನ ಕಟಕಟ. ಹೊರಗೆ ಯಾರೋ
ಬೈಕಿಗೆ ಕಿಕ್ ಹೊಡೆದು ಹೊಡೆದು
ಕೊನೆಗೆ ತಳ್ಳಿಕೊಂಡು ಹೋದದ್ದು.
ಕಮಿಟಿಯವರು ಅದನ್ನು ಕತ್ತರಿಸು ಎಂದರು.
ಕತ್ತರಿಸಿದ್ದೇನೆ ಎಂದು ಹೇಳಿದೆ.

ಮುತ್ಯಾ ಹೋದ ಮೂರನೇ ತಿಂಗಳು
ಅಮರಮ್ಮ ಬಂದಳು. ಸೆರಗಿನಲ್ಲಿ ಹದಿನೇಳು ಕಾಗದ,
ಲಂಗದ ಲಾಡಿಯಿಂದ ಕಟ್ಟಿದ್ದು.
ದನಿ ಕೇಳಿಸಿದೆ. ಮಹಬೂಬನ ಹೆಸರು ಬಂದಾಗ
ಅಳಲಿಲ್ಲ, ತಲೆಯಾಡಿಸಿದಳು.

“ನನಗೂ ಅಕ್ಷರ ಬರಂಗಿಲ್ಲ.
ಟಪಾಲಿನ ರಾಯರು ಓದಿ ಹೇಳೋರು.
ಆದ್ರ ನೋಡಿಲ್ಲೆ,
ಈ ಹದಿಮೂರು, ಜ್ವಾಳ ಹರವಿದಂಗ ದುಂಡಗ.
ಈ ನಾಕು, ಜಾಲಿಮುಳ್ಳು.
ಕೈ ಬದಲಾಗೇದ ಅಂತ ಅವತ್ತ ಗೊತ್ತಾತು.
ಮೊದಲಿನಾಂವ ಇಲ್ಲ ಅಂತನೂ ಗೊತ್ತಾತು.
ನಾನೂ ಕೇಳಲಿಲ್ಲ.
ದುಂಡನ್ನವ್ರಾಗ ಎಮ್ಮಿ ಸುದ್ದಿ ಇರ್ತಿತ್ತು,
ನಿನ್ನ ಕೆಮ್ಮು ಹೆಂಗದ ಅಂತ ಇರ್ತಿತ್ತು.
ಆ ಕೆಮ್ಮು ಕೇಳಿದಾಂವ ಯಾರು ಅಂತ
ಐವತ್ತು ವರ್ಷ ಒಂದೇ ಮನ್ಯಾಗ ಇದ್ದು...”
ಮುಗಿಸಲಿಲ್ಲ.
“ತೆಕ್ಕಲಕೋಟ್ಯಾಗ ಅವನವರು ಯಾರರೆ ಅದಾರೇನು?”

ಫಾರ್ಮಿನಲ್ಲಿ ಹೆಸರು, ನಂಬರು, ರೆಜಿಮೆಂಟು, ಪಡೆದ ಗೌರವ.
ಬರೆದುಕೊಟ್ಟವನಿಗೆ ಕಾಲಂ ಇಲ್ಲ.
ಊರ ಗುಡ್ಡದ ಬಂಡೆಯ ಮೇಲೆ ರಾಜನ ಹೆಸರಿದೆ,
ಶಾಲೆ ಮಕ್ಕಳು ಸಾಲಾಗಿ ಬಂದು ನೋಡುತ್ತಾರೆ;
ಉಳಿ ಹಿಡಿದವನದ್ದು ನಾನೊಮ್ಮೆ ಬಿಸಿಲಲ್ಲಿ ಹುಡುಕಿದ್ದೆ.
ಓತಿಕ್ಯಾತ ಇತ್ತು.

ಷರಾ ಎಂಬ ಸಣ್ಣ ಜಾಗದಲ್ಲಿ
ಮಹಬೂಬ, ತೆಕ್ಕಲಕೋಟೆ, ಎಂದು ಬರೆದೆ.
ಜಾಗ ಮುಗಿಯಿತು. ಹಾಳೆ ತಿರುಗಿಸಿ ಅಂಚಿಗೆ:
ದುಂಡನೆ ಅಕ್ಷರ. ನಲವತ್ತೊಂದು ಸೆಕೆಂಡು.

ಅಮರಮ್ಮ ಹದಿನಾರು ಕಾಗದ ಕೊಟ್ಟಳು.
ಒಂದನ್ನು ಕುಪ್ಪಸದೊಳಗೆ ಇಟ್ಟುಕೊಂಡು
ಬಸ್ಸಿಗೆ ಹೊತ್ತಾಯಿತೆಂದಳು.
ಯಾವ ಕೈಯದ್ದೆಂದು
ನಾನೂ ಕೇಳಲಿಲ್ಲ.