ಠರಾವು ಪುಸ್ತಕ

ಅರಳೆ ನೋಡುವುದರಲ್ಲಿ
ನಮ್ಮ ಉಜ್ಜಿನಪ್ಪ ಸಾವ್ಕಾರ್ರನ್ನು ಮೀರಿಸಿದವರು ದಾವಣಗೆರೆಯಲ್ಲಿಲ್ಲ.
ಅಂಡಿಗೆಯಿಂದ ಒಂದು ಚಿಟಿಕೆ ಹಿರಿದು,
ಎರಡು ಹೆಬ್ಬೆರಳ ನಡುವೆ ಎಳೆದು,
ಎಳೆ ಎಲ್ಲಿ ಹರಿಯಿತೆಂದು ಬೆಳಕಿಗೆ ಹಿಡಿದು
ರೇಟು ಹೇಳುತ್ತಾರೆ. ಗಿರಣಿಯವರದು ಮರುಮಾತಿಲ್ಲ.

ಕೋಚುಗಳನ್ನೂ ಹಾಗೇ ಆರಿಸಿದರು.
ಹತ್ತೊಂಬತ್ತು ವರ್ಷಕ್ಕೆ ಹನ್ನೊಂದು ನೇಮಕ.
ಠರಾವು ಬರೆದವನು ನಾನು,
ಹಗಲು ಅಡತಿ ಅಂಗಡಿಯ ಗುಮಾಸ್ತ,
ಸಂಜೆ ಗಿರಣಿ ಸ್ಪೋರ್ಟಿಂಗ್ ಕ್ಲಬ್ಬಿನ ಕಾರ್ಯದರ್ಶಿ.
ಆಫ್‌ಸೈಡ್ ಅಂದರೇನೆಂದು ಕೇಳಬೇಡಿ, ಇವತ್ತಿಗೂ ಗೊತ್ತಿಲ್ಲ.
ಕೈಬರಹ ದುಂಡಗಿದೆ.

ಮೊದಲನೆಯವರು ಕೆ.ಜಿ.ಎಫ್‌ನ ಅರೋಕ್ಯಸ್ವಾಮಿ.
ಮಂಡಿಪೇಟೆಯ ಗಾದಿಯ ಮೇಲೆ ಸಂದರ್ಶನ.
ಸಾವ್ಕಾರ್ರು ಆತನ ಅಂಗೈ ತಿರುವಿ
'ಎಳೆ ಉದ್ದ ಇದೆ' ಅಂದರು. ಹಾಗೇ ಬರೆದೆ.
ಅವರು ಹೇಳಿದ್ದು ಹುಡುಗರಿಗೆ ತಿಳಿಯಲಿಲ್ಲ,
ಹುಡುಗರು ಆಡಿದ್ದು ಅವರಿಗೆ.
ಐದು ಸೋಲು, ಒಂದು ಮಳೆ.

ಎರಡನೆಯವರನ್ನು ಎತ್ತರ ನೋಡಿ ತಂದರು.
ಮೂರನೆಯವರು ನಿವೃತ್ತ ಸುಬೇದಾರರು;
ತಂಡ ಸೆಲ್ಯೂಟ್ ಹೊಡೆಯುವುದರಲ್ಲಿ ಜಿಲ್ಲೆಗೇ ಮೊದಲಾಯಿತು.
ನಾಲ್ಕನೆಯವರ ಹೆಸರು ಈಗ ಓದಲಾಗುವುದಿಲ್ಲ, ಚಹಾ ಚೆಲ್ಲಿದೆ.
ಐದನೆಯವರು ಸಾವ್ಕಾರ್ರ ಅಳಿಯ.
ಅದಕ್ಕೆ ಠರಾವಿಲ್ಲ, ಮನೆಯಲ್ಲಿ ಆದದ್ದು.
ತೆಗೆದದ್ದಕ್ಕೂ ಇಲ್ಲ. ಅದೂ ಮನೆಯಲ್ಲೇ.
ಏಳನೆಯವನೂ ಒಂಬತ್ತನೆಯವನೂ ಒಬ್ಬನೇ,
ಮೀಸೆ ಬೋಳಿಸಿ, ಹೆಸರು ತಿರುಗಿಸಿ ಬಂದಿದ್ದ.
ಸಾವ್ಕಾರ್ರು ಗುರುತಿಸಲಿಲ್ಲ.
ನಾನು ಗುರುತಿಸಿದೆ. ಪೆನ್ನಿಗೆ ಶಾಯಿ ತುಂಬಿಕೊಂಡೆ.

ನಡುವೆ ಆರನೆಯವರು,
ಬಾಷಾನಗರದ ಮಂಡಕ್ಕಿ ಭಟ್ಟಿಯ ಖಲಂದರ್ ಸಾಬರು.
ಅವರ ಅಂಗೈ ಯಾರೂ ನೋಡಲಿಲ್ಲ;
ಬರಬೇಕಾದ ಕೋಚು ಹರಿಹರದಲ್ಲೇ ರೈಲಿಳಿದು ವಾಪಸು ಹೋಗಿದ್ದ,
ಮ್ಯಾಚು ನಾಳೆ ಇತ್ತು.
ಎರಡು ವರ್ಷ.
ಭದ್ರಾವತಿಯವರನ್ನು ಅವರ ನೆಲದಲ್ಲೇ ಹೊಡೆದೆವು.
ಲಾರಿಯಲ್ಲಿ ನಿಂತು ಬಂದ ಹುಡುಗರ ಕೂಗಿಗೆ
ಹೈಸ್ಕೂಲ್ ಮೈದಾನದ ಸುತ್ತ ದೀಪ ಹತ್ತಿದವು.

ಆಮೇಲೊಂದು ಫೈನಲ್ಲು, ಅರ್ಧ ಆಟದ ಬಿಡುವು.
ಸಾವ್ಕಾರ್ರು ಪಂಚೆ ಎತ್ತಿಕೊಂಡು ಗೆರೆಯೊಳಗೆ ಬಂದು
ಯಾರು ಎಲ್ಲಿ ನಿಲ್ಲಬೇಕೆಂದು ತೋರಿಸತೊಡಗಿದರು.
'ಇದು ಹತ್ತಿ ಅಲ್ಲ ಸಾವ್ಕಾರ್ರೆ,
ಓಡ್ತದೆ' ಅಂದರು ಸಾಬರು.
ನಗುತ್ತಲೇ ಅಂದದ್ದು. ಹುಡುಗರೂ ನಕ್ಕರು.
ಅದೇ ತಪ್ಪಾಯಿತು.

ಫೈನಲ್ ಗೆದ್ದೆವು.
ಮರುದಿನ ಬರೆದೆ:
'ಸ್ವಂತ ವ್ಯಾಪಾರದ ಒತ್ತಡದಿಂದ ಬಿಡುಗಡೆ ಕೋರಿದ್ದಾರೆ, ಒಪ್ಪಲಾಗಿದೆ.'
ಅವರು ಏನನ್ನೂ ಕೋರಿರಲಿಲ್ಲ.
ಆ ಪುಟದಲ್ಲೂ ಅಕ್ಷರ ದುಂಡಗೇ ಇವೆ.

ಠರಾವಿನಲ್ಲಿ ಇಲ್ಲದ್ದು ಖರ್ಚಿನ ಪುಸ್ತಕದಲ್ಲಿದೆ.
ಅಂದಿನಿಂದ ತಿಂಗಳಿಗೊಂದು ಸಾಲು, 'ಉಪಾಹಾರ'.
ಪ್ರಾಕ್ಟೀಸು ಮುಗಿಸಿದ ಹುಡುಗರು ಭಟ್ಟಿಗೆ ಹೋಗುತ್ತಾರೆ.
ಹಳೇ ಪೇಪರಿನ ಮೇಲೆ ಸಾಬರು ಮಂಡಕ್ಕಿ ಹರವುತ್ತಾರೆ,
ಹಿಂದೆ ನಾಲ್ಕು ಮಿರ್ಚಿ ಅಡ್ಡ,
ನಡುವೆ ಮೂರು ಈರುಳ್ಳಿ ಚೂರು.
'ಇದು ನೀನು. ಇಲ್ಲೇಕೆ ನಿಂತೆ ಇವತ್ತು?'
ತಪ್ಪಾಗಿ ನಿಂತವನ ಮಿರ್ಚಿಯನ್ನು
ಪಕ್ಕದವನು ತಿನ್ನುವುದು ಅಲ್ಲಿಯ ರೂಢಿ.
ಚೀಟಿ ಅಂಗಡಿಗೆ ಬರುತ್ತದೆ.
ಮೂರು ರೂಪಾಯಿ ಸುತಳಿಗೆ ಲೆಕ್ಕ ಕೇಳುವ ಸಾವ್ಕಾರ್ರು
ಆ ಸಾಲಿಗೆ ಬಂದಾಗ
ಹೆಬ್ಬೆರಳು ನಾಲಗೆಗೆ ತಾಗಿಸಿ ಪುಟ ಮಗುಚುತ್ತಾರೆ.

ಹೋದ ವಾರ ಹನ್ನೊಂದನೆಯವನೂ ಬಿಟ್ಟ.
ಸಾವ್ಕಾರ್ರಿಗೆ ಈಗ ಕಣ್ಣಿಗೆ ಪೊರೆ.
ಎಳೆ ಎಲ್ಲಿ ಹರಿಯಿತೆಂದು ನನ್ನನ್ನೇ ಕೇಳುತ್ತಾರೆ.
ಮೂರು ಅರ್ಜಿ ಬಂದಿವೆ ಅಂದೆ.
ಅದನ್ನು ಬಿಟ್ಟು,
'ಉಪಾಹಾರದ್ದು ಎಷ್ಟಾತು ಈ ತಿಂಗಳು?' ಅಂದರು,
ಮೊದಲ ಸಲ.
ಹೇಳಿದೆ.
'ಕಮ್ಮಿ ಆತಲ್ಲೋ?'
ಬ್ಯಾಕಿನ ಹುಡುಗನಿಗೆ ಮೊಣಕಾಲು ಊದಿದೆ,
ಅವನೊಬ್ಬ ಬರುತ್ತಿಲ್ಲ ಅಂದೆ.

ಹೂಂ ಅಂದವರು
ಅರ್ಜಿಗಳನ್ನು ಈಸಿಕೊಂಡು, ಓದದೆ,
ಒಂದೊಂದನ್ನೇ
ಎರಡು ಹೆಬ್ಬೆರಳ ನಡುವೆ ಹಿಡಿದು
ಮೆಲ್ಲಗೆ ಎಳೆದು ನೋಡಿದರು.