ನಲವತ್ತಕ್ಕೆ ನಲವತ್ತು

ಹೆದ್ದಾರಿ ಬಿಟ್ಟು ಜಲ್ಲಿಹಾದಿಗಿಳಿದಾಗ ರಾತ್ರಿ ಹನ್ನೊಂದು,
ಹೊರಗೆ ಸೊನ್ನೆಗಿಂತ ಹದಿನೆಂಟು ಕೆಳಗೆ.
ಆಲ್ಬರ್ಟಾದ ಈ ಬಡಗಣ ಬಯಲಲ್ಲಿ
ಚಳಿಗೂ ಒಂದು ಸದ್ದಿದೆ,
ಬೂಟಿನಡಿ ಹಿಮ ಕರುಮ್ಮೆನ್ನುವುದು.

ಮುಕ್ಕಾಲಿಯ ಮೇಲೆ ಮೈಕು ನಿಲ್ಲಿಸಿ
ತಲೆಗೆ ಸ್ಪಂಜಿನ ಕುಲಾವಿ ತೊಡಿಸಿದೆ.
ಗಾಳಿಯ ಮಾತು ಲೆಕ್ಕಕ್ಕಿಲ್ಲ.
ದೂರದ ಟ್ರಕ್ಕು, ಕಾಯೋಟಿಯ ಊಳು, ನನ್ನದೇ ಕೆಮ್ಮು
ಎಲ್ಲವನ್ನೂ ಆಮೇಲೆ ಕೂತು ಕಳೆಯಬೇಕು.
ಉಳಿದವನಷ್ಟೇ ಆರೋಪಿ.

ಅಗೋ ಅಲ್ಲಿದ್ದಾನೆ, ಸಾವಿರದಿನ್ನೂರು ಮೀಟರಿನಾಚೆ,
ದೀಪಗಳ ಹಳದಿ ಮಡುವಿನಲ್ಲಿ:
ಮೂರು ಎಂಜಿನು, ಮೂರು ಹೊಗೆಗೊಳವೆ.
ಅನಿಲವನ್ನು ಒತ್ತಿ ಒತ್ತಿ ಮುಂದಕ್ಕೆ ನೂಕುವುದು ಕೆಲಸ,
ಯಾವುದೋ ಊರಿನ ಒಲೆಗೆ, ಯಾರದೋ ಮೀಯುವ ನೀರಿಗೆ.
ಹಗಲಿಲ್ಲ ಅದಕ್ಕೆ, ಇರುಳಿಲ್ಲ, ಭಾನುವಾರವೂ ಇಲ್ಲ.

ಮಾರಿಟ್ ಫೋಸ್‌ಹೈಮ್ ಬಾಗಿಲು ತೆರೆದಳು.
ಹನ್ನೆರಡು ತಕರಾರು ಪತ್ರ ಬರೆದವಳು.
‘ಮೀಟರು ಆಮೇಲೆ. ಇಲ್ಲಿ ಬಾ.’
ಕಪಾಟಿನಲ್ಲಿ ಮದುವೆಯ ಕಪ್ಪು ಬಸಿ,
ಬಸಿಯ ಮೇಲೆ ಕಪ್ಪು ಹಲ್ಲು ಕಡಿಯುತ್ತಿತ್ತು
ಟಿರ್ರ್
ನಿಂತಿತು
ಟಿರ್ರ್.
‘ಕಿವಿಗೆ ಬೀಳುವುದಲ್ಲ ಇದು, ಪಕ್ಕೆಲುಬಿಗೆ ಬೀಳುವುದು.
ದಿಂಬಿನೊಳಗೆ ಯಾರೋ ಬಾಯಿ ಮುಚ್ಚಿ ಹಾಡಿದ ಹಾಗೆ.’

ಮೀಟರು ಹೇಳಿತು: ಮೂವತ್ತೊಂಬತ್ತು.
ಕಾನೂನಿನ ಗೆರೆ ನಲವತ್ತು.
ಒಂದಂಕಿಯಷ್ಟು ನೆಮ್ಮದಿ ಅವಳಿಗೆ ಮಂಜೂರಾಗಿದೆ.

ಒಂದು ಎಂಜಿನು ನಿಲ್ಲಿಸಿದರೆ ಸಾಲದೇ, ಕೇಳಿದಳು.
ಸಾಲದು. ಡೆಸಿಬೆಲ್ಲಿನ ಮಗ್ಗಿಯೇ ಬೇರೆ.
ನಲವತ್ತಕ್ಕೆ ನಲವತ್ತು ಕೂಡಿದರೆ ಎಂಬತ್ತಲ್ಲ,
ನಲವತ್ತಮೂರು.
ಮೂರರಲ್ಲಿ ಒಂದು ಬಾಯಿ ಮುಚ್ಚಿಸಿದರೆ
ಇಳಿಯುವುದು ಎರಡಕ್ಕೂ ಕಡಿಮೆ.
‘ಅಂದರೆ ಐವಿಂಡ್ ಜೊತೆ ನಾನೂ ಕೂಗಾಡಿದಾಗ?’
ಬರೀ ಮೂರು ಹೆಚ್ಚು, ಎಂದೆ.
‘ಅದಕ್ಕೇ ಅವನಿಗೆ ನನ್ನದು ಕೇಳಿಸಲಿಲ್ಲ’ ಎಂದು
ನಕ್ಕಳು, ಆ ರಾತ್ರಿ ಮೊದಲ ಸಲ.

ಆಗ ಗುಂಡಿ ಬದಲಿಸಿದೆ.
ನಮ್ಮ ಮೀಟರಿಗೆ ಎರಡು ಕಿವಿ.
ಕಾನೂನು ನಂಬುವ ಕಿವಿ ಮನುಷ್ಯರದರಂತೆ,
ತಗ್ಗಿನ ಸ್ವರಕ್ಕೆ ಜಾಣಕಿವುಡು.
ಇನ್ನೊಂದು ಕಿವಿಗೆ ನೆಲದ ಗುಂಗೂ ಗೊತ್ತು.
ಅದು ಹೇಳಿತು: ಅರವತ್ತೆಂಟು.
ಕಪ್ಪು ಸುಳ್ಳು ಹೇಳಿರಲಿಲ್ಲ.

ವಸಂತದಲ್ಲಿ ಕ್ರೇನು ಬಂತು.
ಹೊಗೆಗೊಳವೆಗೆ ಹೊಸ ಗಂಟಲು, ಮೂರಾಳುದ್ದ,
ಒಳಗೆ ಕೋಣೆಯೊಳಗೊಂದು ಕೋಣೆ,
ಸದ್ದು ದಾರಿತಪ್ಪಿ ಅಲೆದಲೆದು ಸುಸ್ತಾಗಲೆಂದು.
ಗೋಡೆಗೆ ಕಲ್ಲಿನ ಉಣ್ಣೆ, ತೂತಿನ ತಗಡು.
ಫ್ಯಾನಿಗೆ ಅಗಲ ಅಲಗು, ನಿಧಾನದ ಸುತ್ತು.
ವೆಲ್ಡರ್ ಕ್ಲಿಫರ್ಡ್ ಗ್ಲಾಡ್ಯೂ ಮುಖಗವಸೆತ್ತಿ
ಕಂಪನಿಯ ಬಿಲ್ಲು ನೋಡಿ ಅಂದ:
‘ಇಷ್ಟು ಕಬ್ಬಿಣ ಬೇಕಾಯಿತಲ್ಲ ಮಾರಾಯ,
ಒಂದು ಮಾತು ಆಡದಿರಲಿಕ್ಕೆ!’

ಮೇ ತಿಂಗಳ ಕೊನೆ. ಅದೇ ಅಂಗಳ, ಅದೇ ಮುಕ್ಕಾಲಿ.
ಕಪ್ಪು ಬಸಿಯ ಮೇಲೆ ತೆಪ್ಪಗೆ ಕೂತಿದೆ.
ಮಾರಿಟ್ ಮೆಟ್ಟಿಲ ಮೇಲೆ, ಕಂಬಳಿ ಹೊದ್ದು.
‘ಕೇಳಿಸಿತೇ?’ ಎಂದಳು. ‘ಹೊಂಡದ ಕಪ್ಪೆಗಳು.
ಇಲ್ಲೇ ಇದ್ದುವಂತೆ, ಆರು ವರ್ಷವೂ.’

ಹೂಂ, ಎಂದೆ.
ಅವಳಿಗೆ ಹೇಗೆ ಹೇಳಲಿ:
ಇಪ್ಪತ್ತೆರಡು ವರ್ಷ ಎಂಜಿನುಗಳ ಮಗ್ಗುಲಲ್ಲಿ ನಿಂತ
ನನ್ನ ಎಡಗಿವಿಯಲ್ಲೊಂದು ಜೀರುಂಡೆಯಿದೆ,
ಈ ಕಪ್ಪೆಗಳದೇ ಶ್ರುತಿ ಅದಕ್ಕೆ, ಕೂದಲೆಳೆಯ ವ್ಯತ್ಯಾಸವಿಲ್ಲ.
ಹಾಡುತ್ತಿರುವುದು ಹೊಂಡವೋ ನಾನೋ
ಪರದೆ ನೋಡದೆ ನನಗೆ ತಿಳಿಯದು.

ಅವಳು ಎದ್ದು ಕತ್ತಲಿಗೆ ಒಂದು ಕಲ್ಲೆಸೆದಳು.
ಪರದೆಯಲ್ಲಿ ಅಂಕಿ ಜಾರಿತು: ನಲವತ್ತೈದು, ಮೂವತ್ತಾರು,
ಇಪ್ಪತ್ತೊಂಬತ್ತು.
‘ನೋಡು’ ಎಂದಳು ಪಿಸುದನಿಯಲ್ಲಿ, ‘ಎಷ್ಟು ಖಾಲಿ.’

ವರದಿ ಬರೆದೆ ಟ್ರಕ್ಕಿನ ದೀಪದಡಿ.
ಗಾಳಿ, ಕಳೆದದ್ದು. ಕಪ್ಪೆ, ಕಳೆದದ್ದು.
ಅಳೆದವನ ಕಿವಿಗೆ
ಆ ನಮೂನೆಯಲ್ಲಿ ಕಾಲಮಿಲ್ಲ.